ಎಆರ್-15 ಲೋವರ್ ರಿಸೀವರ್: ಪಾಲಿಮರೋ, ಅಲ್ಯೂಮಿನಿಯಮ್ಮೋ?

ಎಆರ್-15 ರೈಫಲ್‌ನಲ್ಲಿ ಟ್ರಿಗರ್, ಮ್ಯಾಗಜೀನ್ ಕೂರುವ ಕೆಳಗಿನ ಚೌಕಟ್ಟೇ ಲೋವರ್ ರಿಸೀವರ್. ಗುಂಡು ಹಾರುವಾಗಿನ ಒತ್ತಡ ಲೋವರ್ ಮೇಲೆ ಬೀಳುವುದಿಲ್ಲ. ತೋಟೆಯ ಹಿಂಬದಿಯನ್ನು ಮುಚ್ಚುವ ಬೋಲ್ಟ್ ಲಾಕ್ ಆಗುವುದು ಬ್ಯಾರೆಲ್‌ನ ಹಿಂತುದಿಗೆ. ಅದಕ್ಕೇ ಪಾಲಿಮರ್ (ಗಟ್ಟಿ ಪ್ಲಾಸ್ಟಿಕ್) ಲೋವರ್ ನಡೆಯುತ್ತದೆ. ತೂಕ ಕಡಿಮೆ, ತುಕ್ಕಿನ ಚಿಂತೆಯಿಲ್ಲ.

ಅದು ಸೋಲುವುದು ಹೆಚ್ಚಾಗಿ ಒಂದೇ ಕಡೆ: ಬಫರ್ ಟ್ಯೂಬ್ (ಒಳಗೆ ಸ್ಪ್ರಿಂಗ್, ಮೇಲೆ ಸ್ಟಾಕ್ ಕೂರುವ ಕೊಳವೆ) ತಿರುಗಿಸಿ ಕೂರಿಸುವ ಹಿಂಬದಿಯ ಥ್ರೆಡ್ ಬಳೆ. ರೈಫಲ್ ಕೈಜಾರಿ ಸ್ಟಾಕ್ (ಹೆಗಲಿಗೆ ಒರಗಿಸುವ ಹಿಂಭಾಗ) ನೆಲಕ್ಕೆ ತಾಗಿ ಬಿದ್ದರೆ ಟ್ಯೂಬ್ ಸನ್ನೆಗೋಲಾಗಿ ಆ ತೆಳು ಬಳೆಯನ್ನು ಮೀಟುತ್ತದೆ, ಬಿರುಕು ಅಲ್ಲೇ. ಕೊಳ್ಳುವಾಗ ಅದರ ದಪ್ಪ ನೋಡಿ. ಕೆಇ ಆರ್ಮ್ಸ್ ಕಂಪನಿಯ ಕೆಪಿ-15 ಎಂಬ ಪಾಲಿಮರ್ ಲೋವರ್‌ನಲ್ಲಿ ಸ್ಟಾಕ್ ಸಮೇತ ಒಂದೇ ಅಚ್ಚು, ಆ ಕೀಲೇ ಇಲ್ಲ. ಆದರೆ ಸ್ಟಾಕ್ ಉದ್ದ ಹೊಂದಿಸಲಾಗದು.

7075-ಟಿ6 ಎಂಬ ಗಟ್ಟಿ ಅಲ್ಯೂಮಿನಿಯಂ ಮಿಶ್ರಲೋಹದ ಫೋರ್ಜಿಂಗ್ (ಒತ್ತಿ ರೂಪಿಸಿದ್ದು), ಮೇಲೆ ಹಾರ್ಡ್ ಅನೋಡೈಸಿಂಗ್ (ಗಟ್ಟಿ ಆಕ್ಸೈಡ್ ಪದರ) ಇದ್ದರೆ ಪಿನ್ ರಂಧ್ರಗಳೂ ಬೇಗ ಸವೆಯವು. ಅಮೆರಿಕದ ಕಾನೂನಿನಲ್ಲಿ ಸೀರಿಯಲ್ ನಂಬರಿನ ಲೋವರೇ ಬಂದೂಕು. ಅದು ಮುರಿದರೆ ಹೊಸದನ್ನು ಬಂದೂಕು ಕೊಂಡಂತೆಯೇ ಕೊಳ್ಳಬೇಕು. ಬೆಲೆಯ ಅಂತರ ಅಲ್ಪವಾಗಿದ್ದರೆ ಲೋಹವೇ ಲಾಭ.