40 ರೂಪಾಯಿಯ ಫುಟ್‌ವಾಲ್ವ್ ವಾಷರ್: ಮೂರು ವರ್ಷ ಬಳಸಿದ ಮೇಲೆ

ತೆರೆದ ಬಾವಿ, ಅದರ ದಂಡೆಯಲ್ಲೊಂದು ಮೋನೋಬ್ಲಾಕ್ ಪಂಪು, ಅಂದರೆ ಮೋಟರೂ ಪಂಪೂ ಒಂದೇ ಜೋಡಣೆಯಲ್ಲಿರುವುದು. ಪುತ್ತೂರಿನ ಕಡೆ ಹಳ್ಳಿಮನೆಗಳಲ್ಲಿ ಸಾಮಾನ್ಯವಾಗಿ ಇರುವುದೇ ಇದು. ನಮ್ಮಲ್ಲೂ ಅದೇ. ಪಂಪಿನ ಬಗ್ಗೆ ನನ್ನ ದೂರಿಲ್ಲ. ದೂರಿರುವುದು ಬಾವಿಯ ತಳದಲ್ಲಿ, ಪೈಪಿನ ತುದಿಗೆ ಕೂರುವ ಫುಟ್‌ವಾಲ್ವಿನ ಬಗ್ಗೆ. ಪೈಪಿಗೆ ಏರಿದ ನೀರು ವಾಪಸ್ ಬಾವಿಗೆ ಇಳಿಯದ ಹಾಗೆ ತಡೆಯುವುದು ಅದರ ಕೆಲಸ. ಸರಿಯಾಗಿ ಹೇಳಬೇಕೆಂದರೆ ಅದರೊಳಗಿನ ಒಂದು ರಬ್ಬರ್ ಬಿಲ್ಲೆಯ, ಅಂದರೆ ವಾಷರಿನ ಬಗ್ಗೆ.

2022ರ ಮಾರ್ಚ್‌ನಲ್ಲಿ ಶುರುವಾಯಿತು. ಬೆಳಿಗ್ಗೆ ಐದೂವರೆಗೆ ಅಮ್ಮ ಬಚ್ಚಲಿನ ಹಂಡೆಗೆ ಬೆಂಕಿ ಹಾಕುತ್ತಾರೆ. ಅಷ್ಟು ಹೊತ್ತಿಗೆ ನೀರು ಬೇಕು. ಸ್ವಿಚ್ ಹಾಕಿದರೆ ಪಂಪು ಗುಂಯ್ ಅನ್ನುತ್ತದೆ, ಪೈಪಿನಲ್ಲಿ ಹನಿಯೂ ಇಲ್ಲ. ರಾತ್ರಿಯಿಡೀ ಪೈಪಿನ ನೀರೆಲ್ಲ ಬಾವಿಗೆ ಇಳಿದುಹೋಗಿರುತ್ತಿತ್ತು. ಪೈಪಿನಲ್ಲಿ ಗಾಳಿ ತುಂಬಿದ್ದರೆ ಪಂಪು ನೀರು ಎಳೆಯುವುದಿಲ್ಲ. ಪಂಪಿನ ಮೇಲಿನ ಮುಚ್ಚಳ ತಿರುಗಿಸಿ ಚೆಂಬಿನಲ್ಲಿ ನೀರು ಹೊಯ್ಯಬೇಕು. ಒಂದೂಕಾಲು ಇಂಚಿನ ಪೈಪು, ಇಪ್ಪತ್ತು ಅಡಿ ಆಳ. ಆರೇಳು ಚೆಂಬು ಹಿಡಿಯುತ್ತದೆ. ತುಂಬಿ ಹೊರಗೆ ಚೆಲ್ಲಿದ ಕೂಡಲೇ ಮುಚ್ಚಳ ಬಿಗಿದು, ಓಡಿಹೋಗಿ ಸ್ವಿಚ್ ಹಾಕಬೇಕು. ತಡವಾದರೆ ಮತ್ತೆ ಮೊದಲಿನಿಂದ. ಎರಡು ತಿಂಗಳು ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಇದೇ ಕೆಲಸ ಮಾಡಿದ್ದೇನೆ.

ಮಳೆಗಾಲದಲ್ಲಿ ಈ ಸೋರಿಕೆ ಅಷ್ಟು ಗೊತ್ತಾಗುವುದಿಲ್ಲ. ಬಾವಿ ನೀರು ಪಂಪಿನ ಹತ್ತಿರಕ್ಕೇ ಬಂದಿರುತ್ತದಲ್ವಾ, ಪೈಪಿನಿಂದ ಇಳಿಯಲು ಜಾಸ್ತಿ ನೀರೇ ಇರುವುದಿಲ್ಲ. ಬೇಸಿಗೆ ಬಂದಾಗಲೇ ಬಣ್ಣ ಬಯಲಾಗುವುದು.

ತಪ್ಪು ವಾಲ್ವಿನದೇ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ಮೋಟರಿಗೂ ಪಂಪಿಗೂ ನಡುವೆ ಶಾಫ್ಟಿನ ಹತ್ತಿರ ತೊಟ್ಟಿಕ್ಕಿದರೆ ಅದು ಪಂಪಿನ ಸೀಲು, ಬೇರೆ ರಿಪೇರಿ. ಬರುವ ನೀರಿನಲ್ಲಿ ಗಾಳಿ ಗುಳ್ಳೆ ಜಾಸ್ತಿ ಇದ್ದರೆ ಪೈಪಿನ ಯಾವುದೋ ಜಾಯಿಂಟ್ ಗಾಳಿ ಎಳೆಯುತ್ತಿರಬಹುದು. ನಮ್ಮಲ್ಲಿ ಎರಡೂ ಇರಲಿಲ್ಲ. ಪೈಪು ಮೇಲೆತ್ತಿ, ನೀರು ತುಂಬಿಸಿ ನೆಟ್ಟಗೆ ನಿಲ್ಲಿಸಿದೆವು. ವಾಲ್ವಿನ ಜಾಲರಿಯಿಂದ ನೂಲಿನ ಹಾಗೆ ಒಂದೇ ಸಮನೆ ನೀರು ಇಳಿಯುತ್ತಿತ್ತು.

ವಾಲ್ವ್ ಬಿಚ್ಚಿದೆ. ಹಿತ್ತಾಳೆ ಮೈ ಗಟ್ಟಿಯಾಗಿಯೇ ಇತ್ತು. ಒಳಗಿನ ವಾಷರ್ ಮಾತ್ರ ಒಂದು ಬದಿ ಸೀಳಿ, ಅಂಚು ಹಪ್ಪಳದ ಹಾಗೆ ಮೇಲೆದ್ದಿತ್ತು. ಅದೊಂದನ್ನೇ ಬದಲಿಸಿದರೆ ಸಾಕಲ್ವಾ ಎಂದುಕೊಂಡು ಪೇಟೆಗೆ ಹೋದೆ.

ಐದು ಅಂಗಡಿ ಸುತ್ತಿದೆ. ಎಲ್ಲ ಕಡೆ ಒಂದೇ ಮಾತು: "ಬರೀ ವಾಷರ್ ಸಿಗುದಿಲ್ಲ ಮಾರಾಯ್ರೆ, ಸೆಟ್ಟೇ ತಗೊಳ್ಳಿ." ಹೊಸ ಹಿತ್ತಾಳೆ ವಾಲ್ವಿಗೆ 650 ರೂಪಾಯಿ ಹೇಳಿದರು. ಪ್ಲಾಸ್ಟಿಕ್ಕಿನದು ಕಡಿಮೆಗಿತ್ತು, ನನಗೆ ಧೈರ್ಯ ಬರಲಿಲ್ಲ. ಸಿಟ್ಟು ಬಂದದ್ದು ದುಡ್ಡಿಗಲ್ಲ. ಹತ್ತಾರು ವರ್ಷ ಬಾಳುವ ಹಿತ್ತಾಳೆಯನ್ನು ಒಂದು ರಬ್ಬರ್ ತುಂಡಿಗಾಗಿ ಗುಜರಿಗೆ ಹಾಕು ಎನ್ನುತ್ತಾರಲ್ಲ, ಅದಕ್ಕೆ. ವಾಲ್ವ್ ಮಾಡುವವರು ಡಬ್ಬಿಯ ಮೇಲೆ ವಾಷರಿನ ಅಳತೆಯನ್ನಾದರೂ ಬರೆಯಬೇಕು. ಬಿಡಿಯಾಗಿ ಎರಡು ವಾಷರ್ ಜೊತೆಗೇ ಕೊಡಬೇಕು.

ಮನೆಯಲ್ಲಿದ್ದ ಲಾರಿ ಟ್ಯೂಬು ಕತ್ತರಿಸಿ ನಾನೇ ಒಂದು ಹಾಕಿದೆ. ಎರಡೇ ವಾರ. ಟ್ಯೂಬು ತೀರಾ ಮೆತ್ತಗೆ, ನೀರಿನ ಭಾರಕ್ಕೆ ವಾಲ್ವಿನ ನಡುವಿನ ತೂತಿನೊಳಗೆ ಮಡಚಿಕೊಂಡಿತು. ಮತ್ತೆ ಚೆಂಬು, ಟಾರ್ಚು.

ದಾರಿ ಸಿಕ್ಕಿದ್ದು ಮದ್ದು ಬಿಡುವ ಪಂಪು ರಿಪೇರಿ ಮಾಡುವ ಅಂಗಡಿಯಲ್ಲಿ. ಅಡಿಕೆಗೆ ಕೊಳೆರೋಗ ಬಾರದ ಹಾಗೆ ಮೈಲುತುತ್ತು, ಸುಣ್ಣದ ಬೋರ್ಡೋ ಬಿಡುವ ಊರು ನಮ್ಮದು. ಮಳೆಗಾಲಕ್ಕೆ ಮುಂಚೆ ಆ ಪಂಪುಗಳಿಗೆಲ್ಲ ವಾಷರ್ ಬೇಕೇ ಬೇಕು. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಅಂಗಡಿಯವರು ಕೇಳಿದ್ದು ಒಂದೇ ಪ್ರಶ್ನೆ: "ಹಳೇದು ತಂದಿದ್ದೀರಾ?"

ತಂದಿದ್ದೆ. ಸೀಳಿದ್ದನ್ನು ಕೂಡಿಸಿ ಹಿಡಿದು ಅಳತೆ ತೆಗೆದರು. ಹೊರಗೆ 48 ಮಿಲಿಮೀಟರ್, ನಡುವಿನ ತೂತು 8, ದಪ್ಪ 5. ನೈಟ್ರೈಲ್ ಎಂಬ ಕೃತಕ ರಬ್ಬರಿನ ಕಪ್ಪು ಹಾಳೆ ಎಳೆದು, ಮರದ ದಿಮ್ಮಿಯ ಮೇಲಿಟ್ಟು, ಪಂಚ್ ಇಟ್ಟು ಸುತ್ತಿಗೆಯಿಂದ ಒಂದೇ ಏಟು. ದುಂಡಗೆ, ಅಂಚು ಚೂರೂ ಹರಿಯದೆ ಬಿತ್ತು. 40 ರೂಪಾಯಿ. ಎರಡು ಮಾಡಿಸಿದೆ. ವಾಷರ್ ಕೂರುವ ಹಿತ್ತಾಳೆ ಅಂಚನ್ನು ಉಜ್ಜಿಯೇ ಹಾಕಿ ಎಂದರು. ನಮ್ಮ ಬಾವಿ ಕೆಂಪು ಮುರಕಲ್ಲಿನದು, ಅಂಚಿನಲ್ಲಿ ಕೆಂಪಗೆ ಗಟ್ಟಿ ಪದರ ಕೂತಿತ್ತು. 600 ನಂಬರಿನ ಎಮರಿ ಕಾಗದ ನೀರಿಗೆ ಅದ್ದಿ, ಬೆರಳಿಗೆ ನುಣುಪು ಸಿಗುವವರೆಗೆ ಉಜ್ಜಿದೆ. ಇದನ್ನು ಬಿಟ್ಟರೆ ಎಂಥ ವಾಷರ್ ಹಾಕಿಯೂ ಪ್ರಯೋಜನವಿಲ್ಲ. ಪೈಪು ಇಳಿಸುವ ಮುಂಚೆ ನೀರು ತುಂಬಿಸಿ ಒಂದು ರಾತ್ರಿ ಮಾವಿನ ಕೊಂಬೆಗೆ ಕಟ್ಟಿ ನಿಲ್ಲಿಸಿದೆ. ಬೆಳಿಗ್ಗೆ ನೋಡಿದರೆ ಕೆಳಗಿನ ನೆಲ ಒಣಗಿಯೇ ಇತ್ತು.

ಅಲ್ಲಿಂದ ಮೂರು ಬೇಸಿಗೆ ಕಳೆದಿದೆ. ಸ್ವಿಚ್ ಹಾಕಿ ನಾಲ್ಕು ಎಣಿಸುವಷ್ಟರಲ್ಲಿ ಮೇಲಿನ ಟ್ಯಾಂಕಿನಲ್ಲಿ ನೀರು ಬೀಳುವ ಸದ್ದು ಕೇಳುತ್ತದೆ. ಅಮ್ಮ ಒಲೆಯ ಮುಂದಿನಿಂದಲೇ "ಬಂತು" ಎನ್ನುತ್ತಾರೆ. ಈ ಖುಷಿಗೆ 40 ರೂಪಾಯಿ ಏನೇನೂ ಅಲ್ಲ.

ಒಂದು ಕಷ್ಟ ಹಾಗೇ ಉಳಿದಿದೆ. ಪೈಪು ಎತ್ತಲು ಇಬ್ಬರು ಬೇಕು, ಪಂಪಿನ ಹತ್ತಿರ ಪ್ರತಿ ಸಲ ಪೈಪು ಕೊಯ್ದು ಅಂಟಿಸಬೇಕಾಗುತ್ತಿತ್ತು. ಅಲ್ಲೊಂದು ಯೂನಿಯನ್, ಅಂದರೆ ಕೊಯ್ಯದೆ ತಿರುಗಿಸಿ ಬಿಚ್ಚುವ ಜಾಯಿಂಟ್, ಹಾಕಿಸಿದ ಮೇಲೆ ಅರ್ಧ ಕೆಲಸ ಕಡಿಮೆಯಾಯಿತು. ಹೊಸದಾಗಿ ಪಂಪು ಕೂರಿಸುವವರು ಮೊದಲೇ ಹಾಕಿಸಿಕೊಳ್ಳಿ.

2025ರ ಏಪ್ರಿಲ್‌ನಲ್ಲಿ ಸೋರದಿದ್ದರೂ ಮೇಲೆತ್ತಿ ನೋಡಿದೆ. ವಾಷರಿನ ಮೇಲೆ ಹಿತ್ತಾಳೆ ಅಂಚು ಕೂತ ಗುರುತು, ಉಗುರಿಗೆ ಸಿಗುವಷ್ಟು ಒಂದು ಉಂಗುರ. ಸೀಳಿಲ್ಲ, ಉಬ್ಬಿಲ್ಲ. ಎರಡು ಬದಿಯೂ ಸಪಾಟಾಗಿರುವ ವಾಷರ್ ಅದು. ಮಗುಚಿ ಹಾಕಿ ನಟ್ಟು ಬಿಗಿದೆ. ಎರಡನೆಯದು ಪಂಪಿನ ಶೆಡ್ಡಿನಲ್ಲಿ ಮೊಳೆಗೆ ನೇತಾಡುತ್ತಿದೆ, ಪಕ್ಕದ ಗೋಡೆಯಲ್ಲಿ 48, 8, 5 ಎಂದು ಬರೆದಿಟ್ಟಿದ್ದೇನೆ.