ಯಾರ ಬಿಲ್ಲಿಗೂ ಬಾರದ ಕೆಲಸ: ಅಂಗಡಿ ಸಿಬ್ಬಂದಿಗೆ ನಾಲ್ಕು ಥರದ ಇನ್ಸೆಂಟಿವ್ ಕೊಟ್ಟು ನೋಡಿದ್ದು

ನಮ್ಮ ಬಟ್ಟೆ ಅಂಗಡಿಯ ಟ್ರಯಲ್ ರೂಮಿನ ಹೊರಗೆ ಒಂದು ಸ್ಟೂಲ್ ಇದೆ. ಗಿರಾಕಿಗಳು ಹಾಕಿ ನೋಡಿ ಬೇಡವೆಂದು ಬಿಟ್ಟದ್ದೆಲ್ಲ ಅದರ ಮೇಲೆ ಬೀಳುತ್ತದೆ. ಅದನ್ನು ಮಡಚಿ, ಸೈಜ್ ನೋಡಿ, ರ‍್ಯಾಕಿಗೆ ಮರಳಿಸುವುದು ಯಾರ ಕೆಲಸ ಎಂದು ಕೇಳಿದರೆ ಎಲ್ಲರದ್ದೂ ಹೌದು, ಯಾರದ್ದೂ ಅಲ್ಲ. ಎರಡೂವರೆ ವರ್ಷದಲ್ಲಿ 14 ಜನರ ಆ ಒಂದೇ ಫ್ಲೋರಿನಲ್ಲಿ ನಾಲ್ಕು ಥರದ ಇನ್ಸೆಂಟಿವ್ ಓಡಿಸಿದೆ. ಸೇಲ್ಸ್ ರಿಪೋರ್ಟ್ ತೆರೆಯುವ ಮೊದಲೇ ಯಾವುದು ಹೇಗೆ ನಡೆಯುತ್ತಿದೆ ಅನ್ನುವುದು ನನಗೆ ಆ ಸ್ಟೂಲಿನಿಂದ ಗೊತ್ತಾಗುತ್ತಿತ್ತು.

ಶುರು ಮಾಡಿದ್ದು ಒಬ್ಬೊಬ್ಬರ ಬಿಲ್ಲಿನ ಮೇಲೆ ಕಮಿಷನ್‌ನಿಂದ. ಇದರ ದೊಡ್ಡ ಗುಣ ಅಂದರೆ ಲೆಕ್ಕ ಸಲೀಸು. ರಾತ್ರಿ ಮನೆಗೆ ಹೊರಡುವಾಗ ಇವತ್ತು ಎಷ್ಟಾಯ್ತು ಎಂದು ಪ್ರತಿಯೊಬ್ಬರೂ ಬಾಯಲ್ಲೇ ಹೇಳುತ್ತಿದ್ದರು. ಮೊದಲ ತಿಂಗಳು ವ್ಯಾಪಾರ ನಿಜಕ್ಕೂ ಏರಿತು. ಎರಡನೇ ತಿಂಗಳು ಬಾಗಿಲ ಹತ್ತಿರ ನೂಕಾಟ ಶುರುವಾಯಿತು. ದೊಡ್ಡ ಚೀಲ ಹಿಡಿದು ಸಂಸಾರ ಸಮೇತ ಬಂದವರ ಹಿಂದೆ ಮೂವರು, ಕರವಸ್ತ್ರ ಕೇಳಿಕೊಂಡು ಬಂದ ಮುದುಕರ ಹತ್ತಿರ ಒಬ್ಬರೂ ಇಲ್ಲ. ಸ್ಟೂಲಿನ ಮೇಲೆ ರಾಶಿ ಎದೆಮಟ್ಟ. ಅದನ್ನು ಎತ್ತಿಡಮ್ಮ ಎಂದು ಒಬ್ಬಳಿಗೆ ಹೇಳಿದೆ. "ಸರ್, ಮಡಚ್ತಾ ಕೂತ್ರೆ ಅಷ್ಟರಲ್ಲಿ ಎರಡು ಬಿಲ್ ಹೋಗತ್ತೆ" ಅಂದಳು. ಉದ್ಧಟತನ ಇರಲಿಲ್ಲ ಅದರಲ್ಲಿ. ಲೆಕ್ಕ ಸರಿಯಾಗಿಯೇ ಇತ್ತು, ಹಾಗೆ ಲೆಕ್ಕ ಹಾಕಲು ಕಲಿಸಿದವನು ನಾನೇ.

ರಿಟರ್ನ್‌ಗಳದ್ದು ಇನ್ನೊಂದು ಕಥೆ. ಬಿಗಿಯಾದ ಶರ್ಟನ್ನೂ "ಎರಡು ಸಲ ಒಗೆದರೆ ಸರಿಹೋಗುತ್ತೆ" ಎಂದು ದಾಟಿಸಿಬಿಡುತ್ತಿದ್ದರು. ವಾರದಲ್ಲಿ ಅದು ವಾಪಸ್ ಬರುತ್ತಿತ್ತು, ಕಮಿಷನ್ ಮಾತ್ರ ಅಷ್ಟರಲ್ಲಿ ಕೈಸೇರಿರುತ್ತಿತ್ತು. ವಾಪಸಾತಿಯ ಗಡುವು ಮುಗಿದ ಮೇಲೆ ಉಳಿದ ಬಿಲ್ಲಿಗಷ್ಟೇ ಕಮಿಷನ್ ಎಂದು ಬದಲಾಯಿಸಿದೆ. ಈ ಒಂದು ತಿದ್ದುಪಡಿ ಚೆನ್ನಾಗಿ ಕೆಲಸ ಮಾಡಿತು. ಯಾರು ಏನೇ ಸ್ಕೀಮ್ ಹಾಕಲಿ, ಇದನ್ನು ಮೊದಲ ದಿನವೇ ಸೇರಿಸಿಕೊಳ್ಳಿ. ಇದು ಸಣ್ಣ ಅಂಗಡಿಗಳ ರೋಗ ಅಂತಲೂ ಅಲ್ಲ. ಅಮೆರಿಕದ ಸಿಯರ್ಸ್ ಕಂಪನಿಯ ಕಾರ್ ರಿಪೇರಿ ಕೇಂದ್ರಗಳು ಬೇಡದ ರಿಪೇರಿಗಳನ್ನು ಗ್ರಾಹಕರ ತಲೆಗೆ ಕಟ್ಟುತ್ತಿವೆ ಎಂದು 1992ರಲ್ಲಿ ಕ್ಯಾಲಿಫೋರ್ನಿಯಾದ ಸರ್ಕಾರಿ ಇಲಾಖೆಯೇ ಆರೋಪ ಹೊರಿಸಿತ್ತು. ಕಂಪನಿ ಅದೇ ವರ್ಷ ಆ ಕೇಂದ್ರಗಳ ಸಲಹೆಗಾರರ ಕಮಿಷನ್ ತೆಗೆದುಹಾಕಿತು.

ಎರಡನೆಯದು ತಿಂಗಳ ಉತ್ತಮ ಉದ್ಯೋಗಿ, ಗೋಡೆಯ ಮೇಲೆ ಫೋಟೋ. ಹೇಳಲು ಹೆಚ್ಚೇನಿಲ್ಲ. ಎರಡು ತಿಂಗಳು ಒಬ್ಬಳೇ ಗೆದ್ದಳು. ಮೂರನೇ ತಿಂಗಳು ಬೇರೆಯವರಿಗೆ ಸಿಗಲಿ ಎಂದು ನಾನೇ ಕೈಯಾಡಿಸಿದೆ, ಅದು ಎಲ್ಲರಿಗೂ ಗೊತ್ತಾಯಿತು. ಹತ್ತನೇ ತಾರೀಖು ದಾಟುವ ಹೊತ್ತಿಗೆ ಹಿಂದೆ ಬಿದ್ದವರು ಕೈಚೆಲ್ಲಿ ಕೂರುತ್ತಿದ್ದರು. ನಾಲ್ಕು ತಿಂಗಳಿಗೆ ಫೋಟೋ ಇಳಿಸಿದೆ, ಮೊಳೆ ಇನ್ನೂ ಅಲ್ಲೇ ಇದೆ.

ಮೂರನೆಯದು ಇಡೀ ಫ್ಲೋರಿಗೆ ಒಂದು ಟಾರ್ಗೆಟ್, ಮುಟ್ಟಿದರೆ ಬೋನಸ್ಸು ಹಾಜರಾದ ದಿನಗಳ ಲೆಕ್ಕದಲ್ಲಿ ಎಲ್ಲರಿಗೂ ಹಂಚಿಕೆ. ಎರಡೇ ವಾರದಲ್ಲಿ ಸ್ಟೂಲ್ ಖಾಲಿ! ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಅನ್ನುತ್ತಾರಲ್ಲ, ಹಾಗೆ. ಆದರೆ ತಮ್ಮ ಪಾಲಿನ ಕಡ್ಡಿ ಹಾಕದೆ ಸುಮ್ಮನಿರುವವರೂ ಹತ್ತರಲ್ಲಿ ಇಬ್ಬರು ಇರುತ್ತಾರೆ. ಫ್ರಾನ್ಸಿನ ರಿಂಗೆಲ್‌ಮನ್ ಎಂಬ ಎಂಜಿನಿಯರ್ ಜನರಿಂದ ಹಗ್ಗ ಎಳೆಸಿ ಇದನ್ನೇ ಅಳೆದಿದ್ದ. 1913ರಲ್ಲಿ ಪ್ರಕಟವಾದ ಅವನ ಲೆಕ್ಕದಲ್ಲಿ 8 ಜನ ಕೂಡಿ ಎಳೆದಾಗ ಬಂದ ಬಲ, ಒಬ್ಬೊಬ್ಬರೇ ಎಳೆದ ಬಲದ ಮೊತ್ತದಲ್ಲಿ ಹೆಚ್ಚುಕಡಿಮೆ ಅರ್ಧ. ನಮ್ಮಲ್ಲೂ ಚುರುಕಾದವರು ಬೇಗನೆ ಗೊಣಗತೊಡಗಿದರು. 14 ಜನರನ್ನು ವಿಭಾಗವಾರು ಮೂರು ಗುಂಪು ಮಾಡಿದ ಮೇಲೆ ಅದು ತಗ್ಗಿತು. ನಾಲ್ಕೈದು ಜನರೊಳಗೆ ಮೈಗಳ್ಳತನ ಅಡಗಿಕೊಳ್ಳಲು ಜಾಗ ಕಡಿಮೆ, ಮುಖ ನೋಡಿ ಕೇಳುವವರು ಪಕ್ಕದಲ್ಲೇ ಇರುತ್ತಾರೆ.

ಇದಕ್ಕಿಂತ ತಲೆ ತಿಂದದ್ದು ಟಾರ್ಗೆಟ್ಟಿನ ಗೆರೆ. ಗೆರೆಯಿಂದ ಕೂದಲೆಳೆ ಕೆಳಗಿದ್ದರೂ ಬೋನಸ್ ಸೊನ್ನೆ. ಹೀಗಾಗಿ ಈ ತಿಂಗಳು ಆಗೋ ಮಾತಲ್ಲ ಎಂದು 22ನೇ ತಾರೀಖಿಗೆ ಗೊತ್ತಾದರೆ ಕೊನೆಯ ವಾರ ಇಡೀ ಫ್ಲೋರಿಗೆ ತೂಕಡಿಕೆ. ಮೊದಲೇ ಮುಟ್ಟಿಬಿಟ್ಟರೆ ಇನ್ನೂ ತಮಾಷೆ. ಒಮ್ಮೆ ನನ್ನ ಕಿವಿಯಾರೆ ಕೇಳಿದೆ: "ಮೇಡಂ, ಇದನ್ನ ಎತ್ತಿಟ್ಟಿರ್ತೀನಿ, ಒಂದನೇ ತಾರೀಖು ಬಂದು ಬಿಲ್ ಹಾಕಿಸ್ಕೊಳ್ಳಿ." ಕೊಳ್ಳಲು ಬಂದವರನ್ನೇ ಮುಂದಿನ ತಿಂಗಳಿಗೆ ಸಾಗಹಾಕುತ್ತಿದ್ದರು! ಶೇ. 90ರಿಂದಲೇ ಸ್ವಲ್ಪ ಸ್ವಲ್ಪ ಸಿಗುವಂತೆ, 100 ದಾಟಿದ ಮೇಲೂ ಏರುವಂತೆ ಸ್ಲ್ಯಾಬ್, ಅಂದರೆ ಮೆಟ್ಟಿಲು ಮೆಟ್ಟಿಲಾದ ಲೆಕ್ಕ, ಮಾಡಿ, ತಿಂಗಳ ಟಾರ್ಗೆಟ್ಟನ್ನು ವಾರಕ್ಕಿಳಿಸಿದೆ. ಆಮೇಲೆ ಈ ಆಟ ನಿಂತಿತು.

ಒಂದು ಎಚ್ಚರಿಕೆ. ಬೋನಸ್ ಸತತವಾಗಿ ಐದಾರು ತಿಂಗಳು ಬಂದರೆ ಅದು ಮನಸ್ಸಿನಲ್ಲಿ ಸಂಬಳವಾಗಿಬಿಡುತ್ತದೆ. ಏಳನೇ ತಿಂಗಳು ತಪ್ಪಿದಾಗ ಬಹುಮಾನ ಬರಲಿಲ್ಲ ಅಂತ ಯಾರೂ ಅನ್ನಲಿಲ್ಲ, "ಈ ಸಲ ಕಟ್ ಮಾಡಿದ್ದಾರೆ" ಅಂದರು. ಗಳಿಸಿದ ಖುಷಿಗಿಂತ ಕಳೆದುಕೊಂಡ ನೋವು ಹೆಚ್ಚು ಎಂದು ಮನೋವಿಜ್ಞಾನಿಗಳಾದ ಕಾಹ್ನೆಮನ್ ಮತ್ತು ಟ್ವೆರ್ಸ್ಕಿ 1979ರಲ್ಲೇ ಹೇಳಿದ್ದರು, ನನಗೆ ತಟ್ಟಿದ್ದು ಆ ದಿನ.

ಕೊನೆಯದು ಸ್ಥಳದಲ್ಲೇ ಬಹುಮಾನ. ಒಳ್ಳೆಯ ಕೆಲಸ ಕಣ್ಣಿಗೆ ಬಿದ್ದ ದಿನವೇ ಒಂದು ಸಣ್ಣ ಕೂಪನ್, ಏಕೆ ಕೊಟ್ಟೆ ಅನ್ನುವ ಒಂದು ಮಾತಿನ ಜೊತೆ. ಖರ್ಚು ನಾಲ್ಕರಲ್ಲಿ ಇದಕ್ಕೇ ಕಡಿಮೆ, ಸದ್ದು ಇದರದ್ದೇ ಹೆಚ್ಚು. ತಿಂಗಳ ಕೊನೆಯ ಬೋನಸ್ ಯಾವ ಕೆಲಸಕ್ಕೆ ಬಂತೆಂದು ಯಾರಿಗೂ ನೆನಪಿರುವುದಿಲ್ಲ, ಇದು ಯಾತಕ್ಕೆ ಎಂದು ಎಲ್ಲರಿಗೂ ಗೊತ್ತು. ನಾನು ಎರಡು ಕಡೆ ಎಡವಿದೆ. ಸ್ಟೂಲ್ ಖಾಲಿ ಮಾಡಿದವರಿಗೆ ದಿನಾ ಕೂಪನ್ ಕೊಟ್ಟೆ. ಯಾರೂ ಹೇಳದೆ ಮಡಚಿಡುತ್ತಿದ್ದ ಹುಡುಗನೂ ಕೂಪನ್ ಕೇಳತೊಡಗಿದ. 1971ರಲ್ಲಿ ಎಡ್ವರ್ಡ್ ಡೆಸಿ ಎಂಬ ಮನೋವಿಜ್ಞಾನಿ ಒಗಟು ಬಿಡಿಸಲು ವಿದ್ಯಾರ್ಥಿಗಳಿಗೆ ದುಡ್ಡು ಕೊಟ್ಟು ನಿಲ್ಲಿಸಿದಾಗ, ಬಿಡುವಿನಲ್ಲಿ ಅವರು ಅದನ್ನು ಮುಟ್ಟುವುದು ಕಡಿಮೆಯಾಗಿತ್ತು. ಅದೇ ಪಾಠ. ಈಗ ಇಂಥ ಕೆಲಸಕ್ಕೆ ಇಷ್ಟು ಎಂಬ ರೇಟ್ ಇಲ್ಲ, ಯಾವಾಗ ಎಂಬುದೂ ಗೊತ್ತಿರುವುದಿಲ್ಲ.

ಎರಡನೆಯದನ್ನು ಒಪ್ಪಿಕೊಳ್ಳಲು ನಾಚಿಕೆ. ಎರಡು ತಿಂಗಳಾದ ಮೇಲೆ ಕೂಪನ್ ಪುಸ್ತಕ ತಿರುವಿ ನೋಡಿದರೆ, ಹೆಚ್ಚಿನವು ನನ್ನ ಕ್ಯಾಬಿನ್ನಿನ ಗಾಜಿನೆದುರು ನಿಲ್ಲುವ ನಾಲ್ವರಿಗೇ ಹೋಗಿದ್ದವು. ನಾನು ಮನೆಗೆ ಹೋದ ಮೇಲೆ ಅಂಗಡಿ ಮುಚ್ಚುವ ಶಿಫ್ಟಿನವರಿಗೆ ಒಂದೂ ಇಲ್ಲ. ಈಗ ಅರ್ಧ ಕೂಪನ್‌ಗಳನ್ನು ಸಹೋದ್ಯೋಗಿಗಳೇ ಒಬ್ಬರಿಗೊಬ್ಬರು ಬರೆದುಕೊಡುತ್ತಾರೆ. ಅವರನ್ನೇ ಕೇಳಿದಾಗ ಹೊರಬಿದ್ದ ಇನ್ನೊಂದು ಸಂಗತಿ, ಕೂಪನ್ನಿಗಿಂತ ತಮಗೆ ಬೇಕಾದ ದಿನ ವಾರದ ರಜೆ ಆರಿಸಿಕೊಳ್ಳುವ ಹಕ್ಕು ಹೆಚ್ಚು ಜನರಿಗೆ ಬೇಕಿತ್ತು. ಅದಕ್ಕೆ ನನಗೆ ತಗಲುವ ಖರ್ಚು ರೋಸ್ಟರ್ ತಿದ್ದುವ ಹತ್ತು ನಿಮಿಷ.

ಈಗ ನಡೆಯುತ್ತಿರುವುದು ಸಣ್ಣ ಗುಂಪಿನ ವಾರದ ಸ್ಲ್ಯಾಬ್, ರಿಟರ್ನ್ ಕಳೆದು ಲೆಕ್ಕ, ಮೇಲೊಂದಿಷ್ಟು ಕೂಪನ್ನು ಮತ್ತು ರಜೆ. ಮೂಲ ಸಂಬಳ ಮುಟ್ಟಿಲ್ಲ. ಸಂಬಳವೇ ಸಾಲದಿದ್ದರೆ ಇದೆಲ್ಲ ಮೂಗಿಗೆ ತುಪ್ಪ ಸವರಿದ ಹಾಗೆ. ಒಬ್ಬೊಬ್ಬರ ಕಮಿಷನ್ ಬೇಕೇ ಬೇಕು ಅನ್ನುವವರು ಗಂಟೆಗಟ್ಟಲೆ ಕೂತು ಮಾತಾಡಿ ಮಾರಬೇಕಾದ ದುಬಾರಿ ಸರಕಿಗೆ ಇಟ್ಟುಕೊಳ್ಳಲಿ, ಅಲ್ಲಿ ಒಬ್ಬರ ಶ್ರಮ ಒಂದು ಬಿಲ್ಲಿನಲ್ಲಿ ಕಾಣುತ್ತದೆ.

ಬಗೆಹರಿಯದೆ ಉಳಿದದ್ದು ಗೋಡೌನ್. ಅಲ್ಲಿರುವ ಇಬ್ಬರು ಸ್ಟಾಕ್ ಸಮಯಕ್ಕೆ ಇಳಿಸದಿದ್ದರೆ ಮೇಲೆ ಮಾರಲು ಏನೂ ಇರುವುದಿಲ್ಲ, ಆದರೆ ಅವರು ಯಾವ ಗುಂಪಿಗೂ ಸೇರಿಲ್ಲ. ಮೂರೂ ಗುಂಪಿನ ಸರಾಸರಿ ಬೋನಸ್ ಅವರಿಗೆ ಕೊಡೋಣವೆಂದರೆ, ಯಾವ ವಿಭಾಗದ ಸರಕು ಮೊದಲು ಇಳಿಸಬೇಕೆಂಬ ಜಗಳ ಈಗಾಗಲೇ ಶುರುವಾಗಿದೆ.