ಕುಳ್ಳ ಇಕ್ಸೋರಾ: ನಮ್ಮ ಚಿಕ್ಕಮಗಳೂರಿನ ಮಣ್ಣಿಗೆ ಹೇಳಿ ಮಾಡಿಸಿದ ಗಿಡ

ಗೇಟಿನ ಪಕ್ಕ ಸ್ವಲ್ಪವೇ ಜಾಗ ಇದೆ, ವರ್ಷಪೂರ್ತಿ ಹಸಿರಾಗಿರಬೇಕು, ಹೂವೂ ಬಿಡಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ಕುಳ್ಳ ಇಕ್ಸೋರಾ. ಗುಡ್ಡೆ ದಾಸವಾಳ, ಕೇಪಳ ಅಂತೀವಲ್ಲ, ಅದೇ ಜಾತಿ. ಆದರೆ ಎಲೆ ಚಿಕ್ಕದು, ಗಿಣ್ಣು ಒತ್ತೊತ್ತಾಗಿ ಬರುತ್ತದೆ. ಎರಡು-ಮೂರು ಅಡಿಗೆ ನಿಲ್ಲಿಸಿಕೊಳ್ಳುವುದು ಸುಲಭ.

ಹಾಸನ ರಸ್ತೆ ಕಡೆಯ ಒಂದು ನರ್ಸರಿಯಿಂದ ತಂದೆ, ಗಿಡಕ್ಕೆ 80 ರೂಪಾಯಿ. ಮೊಗ್ಗು ತುಂಬಿತ್ತು. ಆದರೆ ಕವರ್ ಹರಿದರೆ ಬೇರೆಲ್ಲ ತಳದಲ್ಲಿ ಸುರುಳಿ ಸುತ್ತಿಕೊಂಡಿತ್ತು. ಕವರಿನಲ್ಲೇ ಜಾಸ್ತಿ ದಿನ ಇಟ್ಟುಬಿಟ್ಟಿದ್ದಾರೆ. ಅಷ್ಟು ದುಡ್ಡು ತಗೊಂಡು ಹೀಗೆ ಕೊಡಬಾರದು. ನೀವು ಹೂ ನೋಡುವ ಮೊದಲು ಕವರಿನ ತಳ ಎತ್ತಿ ನೋಡಿ. ಬೇರು ಹೊರಗೆ ಬಂದಿದ್ದರೆ ಬೇರೆ ಗಿಡ ಕೇಳಿ.

ಇಕ್ಸೋರಾ ಕಾಫಿಯ ನೆಂಟ, ಎರಡೂ ರೂಬಿಯೇಸಿಯೇ ಕುಟುಂಬದವು. ಕಾಫಿಯ ಹಾಗೆ ಇದಕ್ಕೂ ಹುಳಿ ಮಣ್ಣು ಇಷ್ಟ. ಮಲೆನಾಡಿನಲ್ಲಿ ಅದಕ್ಕೇನು ಬರ, ಅಲ್ವಾ? ಹುಳಿ ಮಿತಿಮೀರಿದರೆ ತೋಟದವರು ಕಾಫಿಗೆ ಸುಣ್ಣ ಹಾಕುತ್ತಾರೆ. ಅದನ್ನು ನೋಡಿ ಇಕ್ಸೋರಾ ಬುಡಕ್ಕೂ ಸುಣ್ಣ ಸುರಿಯಬೇಡಿ. ಪಕ್ಕದ ಮನೆ ಅಕ್ಕ ಹೊಸ ಕಾಂಪೌಂಡ್ ಗೋಡೆಗೆ ತಾಗಿಸಿ ನೆಟ್ಟಿದ್ದರು. ಚಿಗುರೆಲೆಯಲ್ಲಿ ನರ ಮಾತ್ರ ಹಸಿರು, ನಡುವೆಲ್ಲ ಹಳದಿ. ಸಗಣಿ ಗೊಬ್ಬರ ಹಾಕಿದರೂ ಬದಲಾಗಲಿಲ್ಲ. ಗೋಡೆಯ ಸಿಮೆಂಟಿನ ಸುಣ್ಣ ಮಣ್ಣಿಗೆ ಇಳಿದರೆ ಹುಳಿ ಕಮ್ಮಿಯಾಗಿ, ಅಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಸಿಗುವುದಿಲ್ಲ. ಗಿಡವನ್ನು ಮಣ್ಣಿನ ಹೆಂಟೆ ಸಮೇತ ಎತ್ತಿ ಗೋಡೆಯಿಂದ ದೂರ ಇಟ್ಟೆವು, ಗುಂಡಿಗೆ ಕೊಳೆತ ಕಾಫಿ ಸಿಪ್ಪೆ, ಎಲೆಗೊಬ್ಬರ ಬೆರೆಸಿದೆವು. ಆಮೇಲೆ ಬಂದ ಚಿಗುರು ಕಡು ಹಸಿರು. ಕಡೂರು ಕಡೆ ಗಡಸು ಬೋರ್ ನೀರು ಹಾಕುವವರಿಗೂ ಇದೇ ತೊಂದರೆ ಬರಬಹುದು. ಅಂಥವರು ಕುಂಡದಲ್ಲಿ ಬೆಳೆಸಿ, ಆದಷ್ಟು ಮಳೆನೀರು ಹಾಕುವುದು ಒಳ್ಳೆಯದು.

ಬಿಸಿಲು ಚೆನ್ನಾಗಿ ಬೇಕು. ನೆರಳಿನಲ್ಲಿ ಗಿಡ ಬದುಕುತ್ತದೆ, ಹೂ ಕಮ್ಮಿ. ಜುಲೈ ಮಳೆಯಲ್ಲಿ ಬುಡದಲ್ಲಿ ನೀರು ನಿಲ್ಲಬಾರದು.

ಹೂವಿನ ಬಗ್ಗೆ ಹೇಳಲೇಬೇಕು. ಮೊದಲು ಗುಂಡುಸೂಜಿಯಂಥ ಮೊಗ್ಗುಗಳ ಗೊಂಚಲು. ಆಮೇಲೆ ಒಂದೊಂದೇ ಬಿರಿದು ನಾಲ್ಕು ಎಸಳು ಚಾಚುತ್ತದೆ. ಒಂದು ಗೊಂಚಲು ವಾರಗಟ್ಟಲೆ ಇರುತ್ತದೆ. ಪರಿಮಳ ಇಲ್ಲ, ಅದನ್ನು ನಿರೀಕ್ಷಿಸಿ ತರಬೇಡಿ. ಆದರೆ ಉದ್ದ ಕೊಳವೆಯ ತಳದಲ್ಲಿ ಸಿಹಿ ಇದೆ, ಅದಕ್ಕೆ ಚಿಟ್ಟೆಗಳು ಬರುತ್ತವೆ. ಹೂ ಕಿತ್ತು, ಒಳಗಿನ ಎಳೆ ಎಳೆದು ಆ ಹನಿ ಚೀಪುವುದನ್ನು ನನ್ನ ಮೊಮ್ಮಗಳಿಗೂ ಕಲಿಸಿದ್ದೇನೆ.

ಒಣಗಿದ ಗೊಂಚಲನ್ನು ಎರಡು ಎಲೆ ಸಮೇತ ಕತ್ತರಿಸಿ. ಹೂ ಬರುವುದು ಹೊಸ ಚಿಗುರಿನ ತುದಿಯಲ್ಲೇ. ಕಾಂಡದ ಮೇಲೆ ಇರುವೆ ಸಾಲು ಕಂಡರೆ ಎಲೆ ತಿರುಗಿಸಿ ನೋಡಿ, ಗಿಡದ ಹೇನೋ ಶಲ್ಕ ಕೀಟವೋ (ಚಿಪ್ಪಿನ ಹಾಗೆ ಅಂಟಿಕೊಂಡು ರಸ ಹೀರುವ ಹುಳ) ಸಾಮಾನ್ಯವಾಗಿ ಇರುತ್ತದೆ. ಬಿಟ್ಟರೆ ಎಲೆ ಮೇಲೆ ಕಪ್ಪು ಮಸಿ ಕೂರುತ್ತದೆ. ಬೇವಿನೆಣ್ಣೆಗೆ ಸ್ವಲ್ಪ ಸೋಪು ನೀರು ಬೆರೆಸಿ ಸಂಜೆ ಹೊತ್ತು ಸಿಂಪಡಿಸಿದರೆ ಹತೋಟಿಗೆ ಬರುತ್ತದೆ.

ಗಿಡಕ್ಕೆ ಐದಕ್ಕೆ ಐದು, ನರ್ಸರಿಗೆ ಮೂರು. ಮಳೆ ಹಿಡಿಯುವ ಹೊತ್ತಿಗೆ ಗೇಟಿನ ಇನ್ನೊಂದು ಬದಿಗೆ ಹಳದಿ ಬಣ್ಣದ್ದು ತರುತ್ತೇನೆ, ಬೇರೆ ನರ್ಸರಿಯಿಂದ.